ಕ್ಯಾಮ್ ಬದಲಿಸಿದ ಮೇಲೆ ಟಿಕ್ ಟಿಕ್: ಹಳೇ ಅಂಬಾಸಿಡರ್ ಎಂಜಿನ್ ಏನು ಹೇಳುತ್ತಿದೆ?

ಅಪ್ಪನ ಅಂಬಾಸಿಡರ್‌ಗೆ ಬೇರೆ ಕ್ಯಾಮ್‌ಶಾಫ್ಟ್ (ಎಂಜಿನ್‌ನ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಹಾಕಿಸಿದ ಮೂರನೇ ದಿನವೇ ಟಿಕ್ ಟಿಕ್ ಶುರುವಾಯಿತು. ಗ್ಯಾರೇಜಿಗೆ ವಾಪಸ್ ಒಯ್ದೆ. ಅಲ್ಲಿದ್ದವರು ರಾಕರ್ ಕವರ್ ತೆಗೆದು, ಒಂದು ಸ್ಕ್ರೂ ತಿರುಗಿಸಿ, ನಟ್ ಬಿಗಿ ಮಾಡಿದರು. ಸದ್ದು ಹೋಯಿತು. "ಟ್ಯಾಪೆಟ್ ಲೂಸ್ ಇತ್ತು ಸಾರ್, ಅಷ್ಟೇ." 300 ಕಿಲೋಮೀಟರ್ ಓಡಿದ ಮೇಲೆ ಅದೇ ಸದ್ದು. ಮತ್ತೆ ಅದೇ ಸ್ಕ್ರೂ. ಇನ್ನೊಂದು 200 ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಅದೇ ಸದ್ದು. ಈ ಸಲ ಕಾರ್ಬುರೇಟರ್ ಬೇರೆ ಸೀನಲು ಶುರು ಮಾಡಿತ್ತು.

ಆಮೇಲೆ ಅಂಬಾಸಿಡರ್‌ಗಳಲ್ಲೇ ಕೂದಲು ನರೆತ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಪ್ರತಿ ಸಲ ಎಷ್ಟು ಲೂಸ್ ಆಗಿತ್ತು, ಬರ್ಕೊಂಡಿದೀರಾ?"

ನಾನು ಬರೆದುಕೊಂಡಿರಲಿಲ್ಲ. ಆದರೆ ಪ್ರಶ್ನೆ ತಲೆಗೆ ಹತ್ತಿತು. ಕ್ಯಾಮ್ ಬದಲಿಸಿದ ಹಳೇ ಎಂಜಿನ್‌ನಲ್ಲಿ ಒಂದು ಸಲ ಟ್ಯಾಪೆಟ್ ಸೆಟ್ ಮಾಡುವುದು ಮಾಮೂಲಿ ಕೆಲಸ. ಅದೇ ವಾಲ್ವ್‌ನ ಗ್ಯಾಪ್ ಮತ್ತೆ ಮತ್ತೆ ಬದಲಾಗುತ್ತಿದ್ದರೆ ಅಲ್ಲಿ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಒಳಗೆ ಏನೋ ಸವೆಯುತ್ತಿದೆ. ಗ್ಯಾಪ್ ಯಾವ ಕಡೆಗೆ ಬದಲಾಗುತ್ತಿದೆ, ಎಷ್ಟು ಬದಲಾಗುತ್ತಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಮೊದಲು ಈ ಎಂಜಿನ್ ಯಾವುದು ಅಂತ ನೋಡೋಣ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ 2014ರವರೆಗೂ ತಯಾರಿಸಿದ ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಅದರಲ್ಲಿ ದಶಕಗಟ್ಟಲೆ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್. ಸಿಲಿಂಡರ್‌ನ ಅಗಲ (ಬೋರ್) 73 ಮಿ.ಮೀ., ಪಿಸ್ಟನ್ ಓಡುವ ದೂರ (ಸ್ಟ್ರೋಕ್) 88.9 ಮಿ.ಮೀ. ಎಂಜಿ ಸ್ಪೋರ್ಟ್ಸ್ ಕಾರುಗಳಲ್ಲಿ ಇದ್ದದ್ದೂ ಇದೇ ವಂಶದ ಎಂಜಿನ್. ನಮ್ಮಲ್ಲಿ ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿತು.

ಇದರಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕೆಳಗೆ, ಬ್ಲಾಕ್ ಒಳಗೆ. ವಾಲ್ವ್‌ಗಳು ಇರುವುದು ಮೇಲೆ, ಹೆಡ್‌ನಲ್ಲಿ. ಹಾಗಾಗಿ ನಡುವೆ ಒಂದು ಸರಪಳಿಯೇ ಬೇಕು. ಕ್ಯಾಮ್‌ನ ಲೋಬ್ (ಉಬ್ಬು) ಟ್ಯಾಪೆಟ್ ಎಂಬ ಚಿಕ್ಕ ಉರುಳೆಯನ್ನು ಮೇಲೆ ತಳ್ಳುತ್ತದೆ. ಟ್ಯಾಪೆಟ್ ಪುಶ್‌ರಾಡ್ ಎಂಬ ಉದ್ದ ಕಡ್ಡಿಯನ್ನು ತಳ್ಳುತ್ತದೆ. ಪುಶ್‌ರಾಡ್ ರಾಕರ್‌ನ ಒಂದು ತುದಿಯನ್ನು ಎತ್ತುತ್ತದೆ. ರಾಕರ್ ಅಂದರೆ ನಮ್ಮ ಬಾವಿಯ ಏತದ ಹಾಗೆ: ಈ ಕಡೆ ಎದ್ದರೆ ಆ ಕಡೆ ಇಳಿಯುತ್ತದೆ, ವಾಲ್ವನ್ನು ಒತ್ತಿ ತೆರೆಯುತ್ತದೆ. ಏತದ ಎರಡು ಕೈಗಳು ಒಂದೇ ಉದ್ದ ಇಲ್ಲ. ಪುಶ್‌ರಾಡ್ ಒಂದು ಮಿಲಿಮೀಟರ್ ಎದ್ದರೆ ವಾಲ್ವ್ ಸುಮಾರು 1.4 ಮಿಲಿಮೀಟರ್ ಇಳಿಯುತ್ತದೆ.

ವಾಲ್ವ್ ಮುಚ್ಚಿದ್ದಾಗ ಈ ಸರಪಳಿಯಲ್ಲಿ ಸ್ವಲ್ಪ ಸಡಿಲ ಬೇಕು. ಅದನ್ನೇ ಟ್ಯಾಪೆಟ್ ಗ್ಯಾಪ್ ಅನ್ನುತ್ತೇವೆ. ಬಿ-ಸೀರೀಸ್‌ನಲ್ಲಿ ಇದು 15 ಥೌ ಆಸುಪಾಸು, ಅಂದರೆ ಸುಮಾರು 0.38 ಮಿ.ಮೀ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಬೇರೆ ಥರದ ಕ್ಯಾಮ್ ಹಾಕಿಸಿದ್ದರೆ ಅದರ ಜೊತೆ ಬಂದ ಚೀಟಿಯಲ್ಲಿರುವ ಅಳತೆಯೇ ಸರಿ, ಕಾರಿನ ಮ್ಯಾನುಯಲ್‌ನದ್ದಲ್ಲ. ಬಿಸಿ ಎಂಜಿನ್‌ನಲ್ಲಿ ಸೆಟ್ ಮಾಡಬೇಕೋ ತಣ್ಣಗಿದ್ದಾಗಲೋ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಎಷ್ಟೋ ಜನ ಎಡವುವುದು ಇಲ್ಲೇ.

ಗ್ಯಾಪ್ ಹೆಚ್ಚುತ್ತಿದೆಯೋ, ಕಮ್ಮಿಯಾಗುತ್ತಿದೆಯೋ?

ಒಂದು ಪುಸ್ತಕ ಇಟ್ಟುಕೊಳ್ಳಿ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳಿಗೆ 1ರಿಂದ 8ರವರೆಗೆ ನಂಬರ್ ಕೊಡಿ. 1, 4, 5, 8 ಎಕ್ಸಾಸ್ಟ್ (ಸುಟ್ಟ ಹೊಗೆ ಹೊರಬಿಡುವವು). 2, 3, 6, 7 ಇನ್ಲೆಟ್ (ಗಾಳಿ-ಪೆಟ್ರೋಲ್ ಒಳಬಿಡುವವು). ಅಳೆಯುವಾಗ ಒಂಬತ್ತರ ಲೆಕ್ಕ ನೆನಪಿಡಿ: ಯಾವ ವಾಲ್ವ್ ಪೂರ್ತಿ ತೆರೆದಿದೆಯೋ ಅದರ ನಂಬರನ್ನು 9ರಿಂದ ಕಳೆಯಿರಿ, ಉಳಿದ ನಂಬರಿನ ವಾಲ್ವ್ ಅಳೆಯಿರಿ. 8 ತೆರೆದಾಗ 1, 5 ತೆರೆದಾಗ 4. ಎಂಟು ಗ್ಯಾಪ್ ಬರೆದುಕೊಳ್ಳಿ, ಆಮೇಲೆ ಸೆಟ್ ಮಾಡಿ. 200-300 ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಸೆಟ್ ಮಾಡುವ ಮೊದಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಸಾಕ್ಷಿಯನ್ನು ನೀವೇ ಅಳಿಸಿ ಹಾಕಿದ ಹಾಗೆ.

ಗ್ಯಾಪ್ ಹೆಚ್ಚುತ್ತಿದ್ದರೆ ಸರಪಳಿಯ ಯಾವುದೋ ಕೊಂಡಿ ಗಿಡ್ಡವಾಗುತ್ತಿದೆ. ಟ್ಯಾಪೆಟ್ ತಳ ಸವೆಯುತ್ತಿರಬಹುದು, ಪುಶ್‌ರಾಡ್ ಬಾಗುತ್ತಿರಬಹುದು, ರಾಕರ್‌ಗಳನ್ನು ಹೊತ್ತ ಪೆಡೆಸ್ಟಲ್‌ನ ನಟ್ ಸಡಿಲವಾಗುತ್ತಿರಬಹುದು. ಕೆಲವೊಮ್ಮೆ ಅಡ್ಜಸ್ಟರ್‌ನ, ಅಂದರೆ ಗ್ಯಾಪ್ ಸೆಟ್ ಮಾಡುವ ಸ್ಕ್ರೂನ, ಲಾಕ್‌ನಟ್ ಸರಿಯಾಗಿ ಹಿಡಿದಿರುವುದಿಲ್ಲ, ಅಷ್ಟೇ.

ಕಮ್ಮಿಯಾಗುತ್ತಿದ್ದರೆ ಕಥೆ ಬೇರೆ. ವಾಲ್ವ್ ತಾನು ಮುಚ್ಚಿ ಕೂರುವ ಸೀಟಿನೊಳಗೆ ಇಳಿಯುತ್ತಿದೆ, ಅಥವಾ ಹೊಸ ಹೆಡ್ ಗ್ಯಾಸ್ಕೆಟ್ ಅದುಮಿಕೊಂಡು ಹೆಡ್ ಸ್ವಲ್ಪ ಕೆಳಗೆ ಕೂತಿದೆ. ಗ್ಯಾಸ್ಕೆಟ್ ಆದರೆ ಎಂಟೂ ವಾಲ್ವ್‌ಗಳಲ್ಲಿ ಒಂದೇ ಥರ ಕಮ್ಮಿಯಾಗುತ್ತದೆ, ಒಂದು ಸಲಕ್ಕೆ ನಿಲ್ಲುತ್ತದೆ. ಸೀಟ್ ಆದರೆ ನಿಲ್ಲುವುದಿಲ್ಲ. ಈ ಎಂಜಿನ್‌ನ ಸೀಟುಗಳನ್ನು ಬೀಡು ಕಬ್ಬಿಣದ ಹೆಡ್‌ನಲ್ಲೇ ನೇರವಾಗಿ ಕೊರೆದಿದ್ದಾರೆ. ಪೆಟ್ರೋಲಿನಲ್ಲಿದ್ದ ಸೀಸವೇ ಆ ಸೀಟುಗಳಿಗೆ ಒಂಥರಾ ರಕ್ಷಣೆಯಾಗಿತ್ತು. 2000ನೇ ಇಸವಿ ಫೆಬ್ರವರಿಯಿಂದ ದೇಶದ ತುಂಬ ಸೀಸವಿಲ್ಲದ ಪೆಟ್ರೋಲ್ ಬಂತು. ಊರೊಳಗೆ ನಿಧಾನ ಓಡಿದರೆ ಇದು ಗೊತ್ತೇ ಆಗಲ್ಲ. ಹೆದ್ದಾರಿಯಲ್ಲಿ ಜಾಸ್ತಿ ಒತ್ತಿದರೆ ಎಕ್ಸಾಸ್ಟ್ ಸೀಟ್ ಮೆಲ್ಲಗೆ ಇಳಿಯುತ್ತದೆ. ಹೊಸ ಕ್ಯಾಮ್ ಬಂದ ಖುಷಿಗೆ ನಾವು ಮಾಡುವುದೂ ಅದನ್ನೇ ಅಲ್ವಾ?

ಇದರಲ್ಲಿ ಹೆಚ್ಚು ಅಪಾಯ ಯಾವುದು ಅಂದರೆ ಸದ್ದಿಲ್ಲದ್ದು. ಗ್ಯಾಪ್ ಹೋದ ವಾಲ್ವ್ ಟಿಕ್ ಅನ್ನುವುದಿಲ್ಲ. ಪೂರ್ತಿ ಮುಚ್ಚದೆ, ಸೀಟಿಗೆ ಶಾಖ ಬಿಟ್ಟುಕೊಡಲಾಗದೆ, ಅಂಚು ಸುಟ್ಟುಹೋಗುತ್ತದೆ. "ಟ್ಯಾಪೆಟ್ ಸ್ವಲ್ಪ ಸದ್ದು ಮಾಡ್ಲಿ ಬಿಡಿ" ಅಂತ ಹಳಬರು ಹೇಳುವುದು ಸೋಮಾರಿತನಕ್ಕಲ್ಲ.

ಫಿಲ್ಲರ್ ಗೇಜ್ ಸುಳ್ಳು ಹೇಳುವ ಎರಡು ಜಾಗ

ಗ್ಯಾಪ್ ಅಳೆಯುವ ತೆಳ್ಳನೆಯ ತಗಡಿನ ಗೇಜ್ ಎಲ್ಲರ ಹತ್ತಿರವೂ ಇರುತ್ತದೆ. ಅದನ್ನು ಪೂರ್ತಿ ನಂಬಬಾರದು.

ಮೊದಲನೆಯದು ರಾಕರ್ ತುದಿ. ವರ್ಷಗಟ್ಟಲೆ ವಾಲ್ವ್ ತುದಿಗೆ ಬಡಿದು ಬಡಿದು ಅಲ್ಲೊಂದು ಸಣ್ಣ ಗುಂಡಿ ಬೀಳುತ್ತದೆ. ವಾಲ್ವ್ ತುದಿ ಆ ಗುಂಡಿಯೊಳಗೆ ಕೂರುತ್ತದೆ. ಗೇಜ್ ಆ ಗುಂಡಿಗೆ ಇಳಿಯದೆ ಅದರ ಎರಡೂ ದಡದ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ಗೇಜ್ 15 ಅನ್ನುತ್ತದೆ, ನಿಜವಾಗಿ 20 ಇರುತ್ತದೆ. ಎಷ್ಟು ಸಲ ಸೆಟ್ ಮಾಡಿದರೂ ಸದ್ದು ಹೋಗುವುದಿಲ್ಲ, ಪಾಪ ಬೈಗುಳ ಹೊಸ ಕ್ಯಾಮ್‌ಗೆ. ರಾಕರ್ ಬಿಚ್ಚಿ ತುದಿಯ ಮೇಲೆ ಉಗುರು ಎಳೆದರೆ ಗುಂಡಿ ಸಿಗುತ್ತದೆ. ಜೊತೆಗೆ ರಾಕರ್ ಶಾಫ್ಟ್‌ನ ಕೆಳಮೈ ನೋಡಿ. ಹೊರೆ ಬೀಳುವುದು ಅಲ್ಲೇ, ಸವೆತವೂ ಅಲ್ಲೇ.

ಎರಡನೆಯದು ಇನ್ನೂ ಮುಖ್ಯ. ಕ್ಯಾಮ್ ಲೋಬನ್ನು ಕೋಳಿಮೊಟ್ಟೆ ಅಂದುಕೊಳ್ಳಿ. ಗುಂಡಗಿನ ಭಾಗ ಬೆನ್ನು, ಚೂಪಾದ ಭಾಗ ಮೂಗು. ಗ್ಯಾಪ್ ಅಳೆಯುವಾಗ ಟ್ಯಾಪೆಟ್ ಕೂತಿರುವುದು ಬೆನ್ನಿನ ಮೇಲೆ. ವಾಲ್ವನ್ನು ಪೂರ್ತಿ ತೆರೆಯುವುದು ಮೂಗು. ಮೂಗು ಸವೆದು ಅರ್ಧವಾಗಿದ್ದರೂ ಫಿಲ್ಲರ್ ಗೇಜ್‌ಗೆ ಅದು ಕಾಣುವುದೇ ಇಲ್ಲ! ಹಾಗಾದರೆ ಕ್ಯಾಮ್ ಕೆಟ್ಟಾಗ ಗ್ಯಾಪ್ ಯಾಕೆ ಹೆಚ್ಚುತ್ತದೆ? ಮೂಗಿನ ಜೊತೆ ಟ್ಯಾಪೆಟ್‌ನ ತಳವೂ ತಿಂದುಹೋಗುತ್ತದೆ, ಅದಕ್ಕೆ. ಗ್ಯಾಪ್‌ನಲ್ಲಿ ಕಾಣುವುದು ಟ್ಯಾಪೆಟ್‌ನ ಸವೆತ. ಲೋಬ್‌ನ ಸವೆತ ನೋಡಲು ಬೇರೆಯೇ ಅಳತೆ ಬೇಕು.

ಅದಕ್ಕೆ ಬೇಕಾದದ್ದು ಡಯಲ್ ಗೇಜ್. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಇರುತ್ತದೆ. ರಾಕರ್ ಸೆಟ್ ತೆಗೆದಿಟ್ಟು, ಪುಶ್‌ರಾಡ್‌ನ ತಲೆಯ ಮೇಲೆ ಡಯಲ್‌ನ ಕಡ್ಡಿ ನೇರವಾಗಿ ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಪುಶ್‌ರಾಡ್ ಒಟ್ಟು ಎಷ್ಟು ಎದ್ದಿತೋ ಅದೇ ಲೋಬ್‌ನ ಲಿಫ್ಟ್. ಎಂಟಕ್ಕೂ ಹೀಗೆ ಮಾಡಿ. ಕಂಪನಿ ಹೇಳಿದ ಅಂಕಿ ಇಲ್ಲದಿದ್ದರೂ ಚಿಂತೆಯಿಲ್ಲ, ನಾಲ್ಕು ಎಕ್ಸಾಸ್ಟ್‌ಗಳು ಪರಸ್ಪರ ಹೊಂದಬೇಕು, ನಾಲ್ಕು ಇನ್ಲೆಟ್‌ಗಳು ಪರಸ್ಪರ ಹೊಂದಬೇಕು. ಒಂದೆರಡು ಥೌ ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ. ಹತ್ತು ಥೌ ಕಮ್ಮಿ ಇದ್ದರೆ ಆ ಲೋಬ್ ಹೋಗುತ್ತಿದೆ ಅಂತಲೇ ಅರ್ಥ.

ಒಂದು ಎಚ್ಚರಿಕೆ. ಈ ಎಂಜಿನ್‌ನಲ್ಲಿ ರಾಕರ್ ಪೆಡೆಸ್ಟಲ್‌ಗಳನ್ನು ಹಿಡಿದಿರುವ ಕೆಲವು ನಟ್‌ಗಳೇ ಹೆಡ್ಡನ್ನೂ ಹಿಡಿದಿವೆ. ಸುಮ್ನೆ ರಾಕರ್ ತೆಗೆಯೋಣ ಅಂತ ಅವನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆ ಸೊಟ್ಟಗೆ ಎಳೆದುಕೊಳ್ಳಬಹುದು, ಗ್ಯಾಸ್ಕೆಟ್‌ನಲ್ಲಿ ನೀರು ಇಳಿಯಬಹುದು. ರೇಡಿಯೇಟರ್ ನೀರು ತೆಗೆದು, ಹೆಡ್‌ನ ಎಲ್ಲಾ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ವಾಪಸ್ ಹಾಕುವಾಗಲೂ ಟಾರ್ಕ್ ಸ್ಪ್ಯಾನರ್‌ನಲ್ಲಿ ಕ್ರಮವಾಗಿ ಬಿಗಿ ಮಾಡಿ, ಆಮೇಲೆ ಗ್ಯಾಪ್ ಮತ್ತೆ ನೋಡಿ.

ಬಿಚ್ಚುವ ಮೊದಲು ಕಿವಿಗೆ ಒಂದಿಷ್ಟು ಕೆಲಸ

ಇಷ್ಟೆಲ್ಲ ಬಿಚ್ಚುವ ಮೊದಲು ಸದ್ದು ನಿಜವಾಗಿಯೂ ವಾಲ್ವ್ ಕಡೆಯದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್‌ನಿಂದ ಹೊಗೆ ಒಯ್ಯುವ ಕೊಳವೆ) ಗ್ಯಾಸ್ಕೆಟ್‌ನಲ್ಲಿ ಹೊಗೆ ಸೋರಿದರೆ ಥೇಟ್ ಟ್ಯಾಪೆಟ್ ಸದ್ದೇ ಬರುತ್ತದೆ.

ಕ್ಯಾಮ್ ತಿರುಗುವುದು ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಹಾಗಾಗಿ ಒಂದು ವಾಲ್ವ್‌ನ ಸದ್ದು ಎಂಜಿನ್ ಎರಡು ಸುತ್ತು ಬಂದಾಗ ಒಂದು ಸಲ ಬರುತ್ತದೆ. ಒಂದನೇ ಸಿಲಿಂಡರ್‌ನ ಪ್ಲಗ್ ಕಿಡಿ ಬಿಡುವುದೂ ಎರಡು ಸುತ್ತಿಗೊಮ್ಮೆ. ಕಿಡಿ ಬಿಟ್ಟಾಗಲೆಲ್ಲ ಮಿಂಚುವ ಟೈಮಿಂಗ್ ಲೈಟನ್ನು ಆ ಪ್ಲಗ್ ವೈರಿಗೆ ಹಾಕಿ, ಐಡ್ಲಿಂಗ್‌ನಲ್ಲಿ ಮಿಂಚು ನೋಡುತ್ತಾ ಸದ್ದು ಕೇಳಿ. ಮಿಂಚಿಗೊಂದು ಟಿಕ್ ಬಂದರೆ ಅದು ಒಂದೇ ವಾಲ್ವ್‌ನದ್ದಿರುವ ಸಾಧ್ಯತೆ ಹೆಚ್ಚು. ಮಿಂಚಿಗೆ ಎರಡು ಬಡಿತ ಬಂದರೆ ಕ್ರ್ಯಾಂಕ್ ಕಡೆ ನೋಡಬೇಕು.

ಆಮೇಲೆ ರಾಕರ್ ಕವರ್ ತೆಗೆದು ಐಡ್ಲಿಂಗ್‌ನಲ್ಲಿ ಬಿಡಿ. ಒಂದೊಂದೇ ರಾಕರ್ ತುದಿಗೆ ಫಿಲ್ಲರ್‌ನ ತಗಡು ತೂರಿಸಿ. ಯಾವುದಕ್ಕೆ ತೂರಿಸಿದಾಗ ಸದ್ದು ಸಣ್ಣದಾಯಿತೋ ಅದೇ ಕಳ್ಳ. ಮೊದಲೇ ಪುಶ್‌ರಾಡ್‌ಗಳ ತಲೆಗೆ ಮಾರ್ಕರ್‌ನಲ್ಲಿ ಒಂದೊಂದು ಗೀಟು ಹಾಕಿದ್ದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಓಡುವಾಗ ಅವು ನಿಧಾನವಾಗಿ ತಮ್ಮಷ್ಟಕ್ಕೆ ತಿರುಗಬೇಕು.

ಯಾಕೆ ತಿರುಗಬೇಕು? ಟ್ಯಾಪೆಟ್‌ನ ತಳ ಕಣ್ಣಿಗೆ ಸಪಾಟು ಕಂಡರೂ ಬಹಳಷ್ಟು ಎಂಜಿನ್‌ಗಳಲ್ಲಿ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ. ಲೋಬ್ ಅದರ ನಟ್ಟನಡುವೆ ಮುಟ್ಟದೆ ಸ್ವಲ್ಪ ಪಕ್ಕಕ್ಕೆ ಮುಟ್ಟುತ್ತದೆ. ಹಾಗಾಗಿ ಪ್ರತಿ ತಳ್ಳಿಗೂ ಟ್ಯಾಪೆಟ್ ಒಂಚೂರು ತಿರುಗುತ್ತದೆ, ಸವೆತ ಇಡೀ ತಳಕ್ಕೆ ಹಂಚಿಹೋಗುತ್ತದೆ. ತಿರುಗುವುದು ನಿಂತರೆ ಲೋಬ್ ಒಂದೇ ಗೆರೆಯ ಮೇಲೆ ಉಜ್ಜುತ್ತದೆ. ಅಲ್ಲಿಂದ ಮುಂದೆ ಲೋಬ್ ಉಳಿಯುವುದು ಕಷ್ಟ.

ನನ್ನ ಕಾರಿನಲ್ಲಿ ಏಳು ಪುಶ್‌ರಾಡ್ ತಿರುಗುತ್ತಿದ್ದವು. ನಾಲ್ಕನೆಯದು ಸುಮ್ನೆ ಮೇಲೆ ಕೆಳಗೆ ಆಡುತ್ತಿತ್ತು.

ಕಾರ್ಬುರೇಟರ್ ಯಾಕೆ ಸೀನುತ್ತಿತ್ತು ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಕಾರ್ಬುರೇಟರ್ ಕಡೆ ಬ್ಯಾಕ್‌ಫೈರ್ ಆದರೆ ನಾವೆಲ್ಲ ಇನ್ಲೆಟ್ ವಾಲ್ವ್ ಮೇಲೆ ಅನುಮಾನ ಪಡುತ್ತೇವೆ. ತಾಳಕ್ಕೆ ಸರಿಯಾಗಿ ಸೀನುತ್ತಿದ್ದರೆ ಎಷ್ಟೋ ಸಲ ತಪ್ಪು ಎಕ್ಸಾಸ್ಟ್ ಲೋಬ್‌ನದ್ದು. ಎಕ್ಸಾಸ್ಟ್ ವಾಲ್ವ್ ಸರಿಯಾಗಿ ತೆರೆಯದಿದ್ದರೆ ಸುಟ್ಟ ಬಿಸಿ ಗಾಳಿ ಸಿಲಿಂಡರ್‌ನಲ್ಲೇ ಉಳಿಯುತ್ತದೆ. ಇನ್ಲೆಟ್ ತೆರೆದ ಕೂಡಲೇ ಸಿಕ್ಕಿದ ದಾರಿಯಲ್ಲಿ ಹೊರಗೆ ನುಗ್ಗುತ್ತದೆ. ಬಿ-ಸೀರೀಸ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗಳಿಗೆ ಒಂದೇ ಇನ್ಲೆಟ್ ದಾರಿ, 3 ಮತ್ತು 4ಕ್ಕೆ ಇನ್ನೊಂದು. ಎರಡು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ. ಎರಡನೇ ಸಿಲಿಂಡರ್‌ನ ಕಾಟ ಒಂದನೆಯದಕ್ಕೂ ತಟ್ಟುತ್ತದೆ. ನನ್ನ ಕಾರಿನ ಮೊದಲ ಎರಡೂ ಪ್ಲಗ್ ಕಪ್ಪಾಗಿದ್ದವು. ಹಳೇ ಗ್ಯಾರೇಜಿನಲ್ಲಿ ಅದನ್ನು ನೋಡಿ ಕಾರ್ಬುರೇಟರ್ ಕಿಟ್ ಬದಲಿಸಿದ್ದರು.

ಸದ್ದಿಲ್ಲದೆ ಪಿಕಪ್ ಮಾತ್ರ ಹೋಗಿದ್ದರೆ ಕ್ಯಾಮ್‌ನ ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು) ನೋಡಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಒಂದೇ ಸಮ ಕಮ್ಮಿ ಇದ್ದರೆ ಕ್ಯಾಮ್ ತಿರುಗಿಸುವ ಚೈನ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಮುಂದಿನ ಕವರ್ ಬಿಚ್ಚದೆ ಪರೀಕ್ಷಿಸಲು ಒಂದು ಉಪಾಯ ಇದೆ. ನಾಲ್ಕನೇ ಸಿಲಿಂಡರ್ ಕಿಡಿ ಹೊತ್ತುವ ಹೊತ್ತಿಗೆ, ಪುಲ್ಲಿಯ ಗುರುತು ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಜಾಗ) ಬಂದಾಗ, ಒಂದನೇ ಸಿಲಿಂಡರ್‌ನ ಎರಡೂ ವಾಲ್ವ್ ನೋಡಿ. ಎಕ್ಸಾಸ್ಟ್ ಮುಚ್ಚುತ್ತಾ, ಇನ್ಲೆಟ್ ತೆರೆಯುತ್ತಾ, ಎರಡೂ ಒಂಚೂರು ತೆರೆದಿರಬೇಕು, ಮಾಮೂಲಿ ಕ್ಯಾಮ್‌ನಲ್ಲಿ ಬಹುತೇಕ ಸಮವಾಗಿ. ಒಂದು ಪೂರ್ತಿ ಮುಚ್ಚಿ ಇನ್ನೊಂದು ಚೆನ್ನಾಗಿ ತೆರೆದಿದ್ದರೆ ಟೈಮಿಂಗ್ ತಪ್ಪಿದೆ. ಇನ್ನೊಂದು ಮಾತು. ಕ್ಯಾಮ್ ಹೊರಗೆ ತೆಗೆಯುವಾಗ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸುವ ಗೇರನ್ನೂ ತೆಗೆಯಬೇಕಾಗುತ್ತದೆ. ಅದು ವಾಪಸ್ ಒಂದು ಹಲ್ಲು ಆಚೀಚೆ ಕೂತರೆ ಕಿಡಿಯ ಟೈಮಿಂಗ್ ಹೋಗುತ್ತದೆ. ಕ್ಯಾಮ್ ಸರಿಯಾಗಿಯೇ ಇರುತ್ತದೆ.

ಟ್ಯಾಪೆಟ್ ತಳ ಓದುವುದು

ಬಿ-ಸೀರೀಸ್‌ನ ಒಂದು ಪುಣ್ಯ ಅಂದರೆ ಟ್ಯಾಪೆಟ್ ನೋಡಲು ಕ್ಯಾಮ್ ತೆಗೆಯಬೇಕಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿದರೆ ಬ್ಲಾಕ್‌ನ ಪಕ್ಕದಲ್ಲಿ ತಗಡಿನ ಎರಡು ಮುಚ್ಚಳ ಸಿಗುತ್ತವೆ. ಪುಶ್‌ರಾಡ್ ಎಳೆದುಕೊಂಡು ಆ ಕಿಂಡಿಯಿಂದ ಟ್ಯಾಪೆಟ್ ಎತ್ತಬಹುದು. ಯಾವುದು ಯಾವ ತೂತಿನದ್ದು ಅಂತ ಗುರುತು ಮಾಡಿಡಿ. ನಾನು ಇಡ್ಲಿ ತಟ್ಟೆಯ ಗುಳಿಗಳಿಗೆ ನಂಬರ್ ಅಂಟಿಸಿ ಜೋಡಿಸಿಟ್ಟೆ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಅದು ಬೇರೆ ವಿಷಯ. ಪುಶ್‌ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ, ಬಾಗಿದ್ದು ಕುಣಿಯುತ್ತದೆ.

ಒಳ್ಳೆಯ ಟ್ಯಾಪೆಟ್ ತಳದಲ್ಲಿ ತೆಳ್ಳಗಿನ ದುಂಡು ಗೆರೆಗಳು ಕಾಣುತ್ತವೆ, ಗ್ರಾಮಫೋನ್ ತಟ್ಟೆಯ ಹಾಗೆ. ತಿರುಗುತ್ತಾ ಓಡಿದೆ ಅನ್ನುವುದಕ್ಕೆ ಅದೇ ಗುರುತು. ಅಡ್ಡಕ್ಕೆ ಒಂದೇ ಪಟ್ಟಿ ಬಿದ್ದಿದ್ದರೆ, ಇಲ್ಲವೇ ಬಟ್ಟಲಿನ ಹಾಗೆ ಕುಳಿಯಾಗಿದ್ದರೆ, ಕಥೆ ಮುಗಿದಿದೆ. ಅನುಮಾನ ಇದ್ದರೆ ಒಂದು ಹೊಸ ಟ್ಯಾಪೆಟ್‌ನ ತಳಕ್ಕೆ ಇದರ ತಳ ಜೋಡಿಸಿ ಹಿಡಿಯಿರಿ. ಎರಡೂ ಉಬ್ಬಿದ್ದರೆ ಒಂದರ ಮೇಲೊಂದು ತೂಗಾಡುತ್ತವೆ. ಕುಳಿ ಬಿದ್ದದ್ದು ಗಟ್ಟಿಯಾಗಿ ಕೂತುಬಿಡುತ್ತದೆ.

ನನ್ನ ನಾಲ್ಕನೇ ಟ್ಯಾಪೆಟ್ ಬಟ್ಟಲಾಗಿತ್ತು. ಅದರ ಲೋಬ್‌ನ ಲಿಫ್ಟ್ ಉಳಿದ ಎಕ್ಸಾಸ್ಟ್‌ಗಳಿಗಿಂತ 40 ಥೌ ಕಮ್ಮಿ. ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಹಿಡಿದರೆ ಬೂದುಬಣ್ಣದ ಕೆಸರು ಅಂಟಿತು. ಅಷ್ಟೂ ಕಬ್ಬಿಣ ಎಂಜಿನ್ ತುಂಬ ಸುತ್ತಿ ಬಂದಿತ್ತು. ಸಂಪ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಇಳಿಸಿ ತೊಳೆದು ಬೇರಿಂಗ್‌ಗಳನ್ನೂ ನೋಡಬೇಕಾಯಿತು.

ಕಾರಣ ಎರಡು ಸಿಕ್ಕವು. ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್‌ಗಳನ್ನೇ ಹಾಕಿದ್ದರು. ಹಳೇ ಲೋಬ್‌ಗೆ ಹೊಂದಿಕೊಂಡ ತಳ ಹೊಸ ಲೋಬ್‌ಗೆ ಹೊಂದುವುದಿಲ್ಲ. ಹೊಸ ಕ್ಯಾಮ್ ಅಂದರೆ ಹೊಸ ಟ್ಯಾಪೆಟ್, ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಎರಡನೆಯದು ಮೊದಲ ಸ್ಟಾರ್ಟ್. ಎಂಜಿನ್ ಹೊತ್ತಿಸಿ, ಕಾರ್ಬುರೇಟರ್ ಸೆಟ್ ಮಾಡುತ್ತಾ ಅರ್ಧ ಗಂಟೆ ಐಡ್ಲಿಂಗ್‌ನಲ್ಲೇ ಬಿಟ್ಟಿದ್ದರು. ಹೊಸ ಕ್ಯಾಮ್‌ಗೆ ಐಡ್ಲಿಂಗ್ ಆಗದು. ಲೋಬ್‌ಗಳಿಗೆ ಎಣ್ಣೆ ಹೆಚ್ಚಾಗಿ ಬರುವುದು ಕ್ರ್ಯಾಂಕ್ ಎರಚಿದ್ದರಿಂದ, ನಿಧಾನ ತಿರುಗಿದರೆ ಎರಚುವುದೂ ಕಮ್ಮಿ. ಮೇಲಾಗಿ ಮೂಗಿನ ಮೇಲೆ ಸ್ಪ್ರಿಂಗ್‌ನ ಒತ್ತಡ ಅತಿ ಹೆಚ್ಚು ಬೀಳುವುದೂ ನಿಧಾನ ತಿರುಗುವಾಗಲೇ.

ಎಣ್ಣೆಯ ವಿಷಯವೂ ಇದೆ. ಹಳೇ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಒಂದು ಸಂಯುಕ್ತ ಧಾರಾಳವಾಗಿ ಇರುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಜಾಗದಲ್ಲಿ ಅದು ತೆಳು ಪದರ ಕಟ್ಟುತ್ತದೆ. ಆದರೆ ರಂಜಕ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ ಅಂತ ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಅದನ್ನು ಇಳಿಸುತ್ತಾ ಬಂದರು. 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯ 5ಡಬ್ಲ್ಯೂ-30ರಂಥ ಎಣ್ಣೆಯಲ್ಲಿ ರಂಜಕ 0.08 ಪರ್ಸೆಂಟ್ ಮೀರುವಂತಿಲ್ಲ. ಅಂಬಾಸಿಡರ್‌ಗೆ ದುಬಾರಿ ಸಿಂಥೆಟಿಕ್ ಹಾಕಿ ಪ್ರೀತಿ ತೋರಿಸುವವರು ಇದನ್ನು ಗಮನಿಸಬೇಕು. ಹಳೇ ಥರದ 20ಡಬ್ಲ್ಯೂ-50 ಎಣ್ಣೆಯೇ ಇದಕ್ಕೆ ಹೆಚ್ಚು ಒಗ್ಗುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ಒಮ್ಮೆ ಓದಿ.

ಗ್ರೈಂಡ್ ಮಾಡಿಸಿದ ಕ್ಯಾಮ್ ಹಾಕುವವರಿಗೆ ಇನ್ನೊಂದು ಮಾತು. ಉಜ್ಜಿದಾಗ ಲೋಬ್‌ನ ಬೆನ್ನೂ ಚಿಕ್ಕದಾಗುತ್ತದೆ, ಟ್ಯಾಪೆಟ್ ಕೆಳಗೆ ಕೂರುತ್ತದೆ, ಅಡ್ಜಸ್ಟರ್ ಸ್ಕ್ರೂ ಅಷ್ಟೂ ಕೆಳಗೆ ಇಳಿಯಬೇಕಾಗುತ್ತದೆ. ಎಂಟರಲ್ಲೂ ಸ್ಕ್ರೂನ ಮರೆ (ಥ್ರೆಡ್) ಮುಗಿಯುತ್ತಾ ಬಂದಿದ್ದರೆ ಇದೇ ಕಾರಣ ಇರಬಹುದು. ಮೇಲಿನ ಗಟ್ಟಿ ಪದರವನ್ನೂ ಉಜ್ಜಿ ತೆಗೆದಿದ್ದರೆ ಅಂಥ ಕ್ಯಾಮ್ ಹೊಸ ಟ್ಯಾಪೆಟ್ ಜೊತೆಗೂ ಬಾಳುವುದಿಲ್ಲ.

ಎರಡನೇ ಸಲ ಕ್ಯಾಮ್ ಹಾಕಿದಾಗ ಎಂಟೂ ಟ್ಯಾಪೆಟ್ ಹೊಸದು ತಂದೆವು. ತಳಕ್ಕೂ ಲೋಬ್‌ಗಳಿಗೂ ಕಪ್ಪು ಮಾಲಿಬ್ಡಿನಮ್ ಪೇಸ್ಟ್ ಬಳಿದೆವು. ಪ್ಲಗ್ ಬಿಚ್ಚಿ, ಆಯಿಲ್ ಪ್ರೆಶರ್ ಬರುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸಿದೆವು. ಹೊತ್ತಿದ ಕೂಡಲೇ ಆಕ್ಸಿಲರೇಟರ್ ಒತ್ತಿ 2000ದಿಂದ 2500 ಆರ್‌ಪಿಎಂ ನಡುವೆ ಹೆಚ್ಚುಕಮ್ಮಿ ಮಾಡುತ್ತಾ 20 ನಿಮಿಷ ಹಿಡಿದೆ. ಪಕ್ಕದ ಮನೆಯ ಅಜ್ಜಿ ಎರಡು ಸಲ ಹೊರಗೆ ಬಂದು ನೋಡಿ ಹೋದರು. ಮೆಕ್ಯಾನಿಕ್ ರೇಡಿಯೇಟರ್ ಪಕ್ಕ ಪೈಪ್ ಹಿಡಿದು ನಿಂತಿದ್ದರು, ಕುದಿಯದಿರಲಿ ಅಂತ.

ಆ ಎಣ್ಣೆ ಇಳಿಸಿ ಹೊಸದು ಹಾಕಿದೆವು. ಹೆಡ್ ಮತ್ತೆ ಬಿಗಿ ಮಾಡಿ, ಎಂಟೂ ಗ್ಯಾಪ್ 15ಕ್ಕೆ ಸೆಟ್ ಮಾಡಿ ಪುಸ್ತಕದಲ್ಲಿ ಬರೆದೆ. 500 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಅಳೆದೆ. ಏಳು ವಾಲ್ವ್ 15, ಆರನೆಯದು ಮಾತ್ರ 14. ನಾಲ್ಕನೆಯದಕ್ಕೆ ಮೂರು ಸಲ ಗೇಜ್ ಹಾಕಿ ನೋಡಿದೆ. 15.